ಕಾಕಾನ ಕಿವಿಮುಚ್ಚಳ

ಹೆಂಡತಿಯ ಮಾತು ಕಿವಿಗೆ ಬೀಳಬಾರದೆಂದೇ ನಮ್ಮ ಕಾಕಾ ಹೆಡ್‌ಫೋನ್ ಕೊಂಡಿದ್ದಾನೆ ಎಂಬುದು ಕಮಲಾಪುರದ ಬಸ್‌ಸ್ಟ್ಯಾಂಡಿನಿಂದ ಮಹಾಗಾಂವದ ಕ್ರಾಸಿನವರೆಗೆ ಎಲ್ಲರೂ ಒಪ್ಪಿಕೊಂಡಿರುವ ಸತ್ಯ. ಇಷ್ಟು ಜನ ಒಟ್ಟಿಗೆ ತಲೆಯಾಡಿಸುವುದನ್ನು ಕಂಡರೇ ನನಗೆ ಸಂಶಯ ಶುರುವಾಗುತ್ತದೆ. ನಮ್ಮ ಬಂಧುಗಳು ಮದುವೆ ಊಟದ ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ವಿಷಯದಲ್ಲೇ ಎಂದೂ ಒಂದಾದವರಲ್ಲ. ಕಾಕಾನ ಕಿವಿಯ ವಿಷಯದಲ್ಲಿ ಮಾತ್ರ ಒಂದಾಗಿಬಿಟ್ಟಿದ್ದಾರೆ!

ಹಾಗಾದರೆ ನಿಮ್ಮ ಕಾಕಾ ಸಂಭಾವಿತನೇ ಎಂದು ಕೇಳಬೇಡಿ. ನಾನು ಹಾಗೆ ಎಲ್ಲಿ ಹೇಳಿದೆ? ಕಾಕಾ ಹಟಮಾರಿ. ಎದುರಿನವರ ಮಾತು ಮುಗಿಯುವ ಮೊದಲೇ ತನ್ನ ಉತ್ತರ ಮುಗಿಸಿ ಎದ್ದು ನಿಂತಿರುವ ಮನುಷ್ಯ. ಶಾಲೆಯಿಂದಲೂ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿಳಿದ ನಾನೇ ಆತನೆದುರು ನನ್ನ ಎರಡನೇ ವಾಕ್ಯ ಮುಟ್ಟಿದ್ದು ಅಪರೂಪ. ಆದರೆ ಮನುಷ್ಯನ ಸ್ವಭಾವ ಬೇರೆ, ಅವನ ಮೇಲೆ ಹೊರಿಸಿದ ಆರೋಪ ಬೇರೆ. ಕಳ್ಳನ ಮೇಲೂ ಅವನು ಮಾಡದ ಕಳ್ಳತನ ಹೊರಿಸುವಂತಿಲ್ಲ. ಅದಕ್ಕೇ ನನಗೆ ಸಿಟ್ಟು. ಇದನ್ನೆಲ್ಲ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನಡುವೆ ಎಲ್ಲಾದರೂ ನಿಮಗೆ ನಗು ಬಂದರೆ ಅದು ಕಾಕಾನ ತಪ್ಪು, ನನ್ನದಲ್ಲ.

ಕಲಬುರಗಿಯ ಸೇಡಂ ರಸ್ತೆಯಲ್ಲಿ ಕಾಕಾನ ಕೂಲರ್ ಅಂಗಡಿ ಇದೆ. ಅಂಗಡಿ ಅಂದರೆ ತಪ್ಪಾದೀತು, ಅದು ತಗಡಿನ ಯುದ್ಧಭೂಮಿ. ಕಂಪನಿಯವರ ಪ್ಲಾಸ್ಟಿಕ್ ಕೂಲರನ್ನು ಕಾಕಾ ಕೂಲರ್ ಎಂದೇ ಒಪ್ಪುವುದಿಲ್ಲ. "ಅದು ಸಾಬೂನಿನ ಡಬ್ಬಿ" ಅನ್ನುತ್ತಾನೆ. ತಾನೇ ತಗಡು ಕತ್ತರಿಸಿ, ಮೂರು ಬದಿಗೆ ಹುಲ್ಲು ತುಂಬಿದ ಜಾಳಿಗೆ ಕೂರಿಸಿ, ಒಳಗೆ ಲಾರಿಯ ಚಕ್ರದಷ್ಟು ದೊಡ್ಡ ಫ್ಯಾನು ಬಿಗಿಯುತ್ತಾನೆ. ಗಿರಾಕಿ ಬಂದರೆ ಬೇರೇನೂ ಹೇಳುವುದಿಲ್ಲ, ಸ್ವಿಚ್ ಒತ್ತುತ್ತಾನೆ.

"ಕೇಳ್ರಿ ಆವಾಜ್! ಸಪ್ಪಳ ಇಲ್ಲದ ಕೂಲರ್ ಅಂದ್ರ ಖಾರ ಇಲ್ಲದ ಮಿರ್ಚಿ ಭಜಿ ಇದ್ದಂಗ!"

ಗಿರಾಕಿಗೂ ಅದೇ ಬೇಕು. ಸಪ್ಪಳದ ಮೇಲೆ ತಂಪು ಅಳೆಯುವ ಜನ ನಾವು. ಹೊಸ ಕೂಲರ್ ಚಾಲೂ ಮಾಡಿದಾಗ ಪಕ್ಕದ ಮನೆಯವರು ಹೊರಬಂದು "ಹೊಸಾದು ತಂದ್ರೇನ್ರೀ?" ಎಂದು ಕೇಳದಿದ್ದರೆ ಅದನ್ನು ಕೊಂಡು ಏನು ಸಾರ್ಥಕ?

ಇಂಥ ಕಾಕಾ ಕಮಲಾಪುರದ ತನ್ನ ಸ್ವಂತ ಮನೆಗೆ ಎಂಥ ಕೂಲರ್ ಮಾಡಿರಬೇಕು, ಯೋಚಿಸಿ. ಪಡಸಾಲೆಯ ಕಿಟಕಿ ಸಾಲದೆ ಅರ್ಧ ಗೋಡೆ ಒಡೆಸಿದ. ನಾವು ಅದನ್ನು ವಿಮಾನ ಎಂದು ಕರೆಯುತ್ತೇವೆ. ಅದು ಶುರುವಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಎಲ್ಲ ತಿಂಗಳೂ ಒಮ್ಮೆಲೇ ನಡೆಯುತ್ತವೆ. ಪಡಸಾಲೆಯಲ್ಲಿ ತಟ್ಟೆಗೆ ಹಾಕಿದ ಹಪ್ಪಳವನ್ನು ಅಡುಗೆಮನೆಯಲ್ಲಿ ಹುಡುಕಬೇಕು. ಇನ್ನು ಮಾತು? ಕೈಸನ್ನೆ ಬಲ್ಲವರು ಮಾತ್ರ ಅಲ್ಲಿ ಸಂಸಾರ ಮಾಡಬಹುದು.

ಅಲ್ಲಿ ವಿಮಾನವನ್ನು ಸೋಲಿಸುತ್ತಿದ್ದ ಒಂದೇ ಒಂದು ದನಿ ಚಿಗವ್ವನದು. ಚಿಗವ್ವ ಅಂದರೆ ಕಾಕಾನ ಹೆಂಡತಿ. ಅಂಗಳದಲ್ಲಿ ನಿಂತು "ಏಯ್ ನಿಲ್ಸೋ!" ಅಂದರೆ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತು, ಚಾಲಕ ಇಳಿದು, ತಾನೇನು ತಪ್ಪು ಮಾಡಿದೆ ಎಂದು ಕೇಳಬೇಕು, ಅಂಥ ದನಿ. ಗಂಡ ಹೆಂಡತಿ ಜಗಳಕ್ಕೆ ನಿಂತರೆ ಅಕ್ಕಪಕ್ಕದವರು ಟೀವಿಯ ಸದ್ದು ತಗ್ಗಿಸಿ ಕೇಳುತ್ತಿದ್ದರು. ಧಾರಾವಾಹಿಗಿಂತ ಇದರಲ್ಲಿ ಕತೆ ಬೇಗ ಮುಂದುವರಿಯುತ್ತಿತ್ತು.

ಹೋದ ವರ್ಷ ಚಿಗವ್ವನ ಗಂಟಲಲ್ಲಿ ಗಂಟು ಕಂಡಿತು. ಆಪರೇಷನ್ ಆಯಿತು, ಗಂಟು ಹೋಯಿತು, ಜೀವಕ್ಕೇನೂ ಆಗಲಿಲ್ಲ. ದನಿ ಮಾತ್ರ ಮರಳಿ ಬರಲಿಲ್ಲ. ನರ ಸೋತಿದೆ, ಒತ್ತಾಯ ಮಾಡಿ ಕೂಗಬಾರದು, ಒಣಗಾಳಿ ಆಗದು ಎಂದರು ಡಾಕ್ಟರು. ಎ.ಸಿ. ಹಾಕಿದ ಕೋಣೆಯಲ್ಲಿ ಕೂತರೆ ಕೆಮ್ಮು ಹತ್ತುತ್ತಿತ್ತು. ವಿಮಾನದ ಹಸಿಗಾಳಿಯೇ ಆಕೆಗೆ ಹಿತ. ಹೀಗಾಗಿ ಬೇಸಿಗೆಯುದ್ದಕ್ಕೂ ವಿಮಾನ ಹಾರುತ್ತಲೇ ಇರುವುದು, ಅದರೆದುರು ಮಂಚದ ಮೇಲೆ ಚಿಗವ್ವ. ಬಸ್ಸು ನಿಲ್ಲಿಸಿದ ಆ ದನಿ ಈಗ ಸೆರಗು ಸರಿದಷ್ಟು. ಪಡಸಾಲೆಯ ಇನ್ನೊಂದು ಮೂಲೆಗೆ ಕಾಕಾನ ಕುರ್ಚಿ. ಸ್ವಲ್ಪ ದಿನಕ್ಕೆ ಆ ಕುರ್ಚಿಯಲ್ಲಿ ಕೂತ ಕಾಕಾನ ತಲೆಯ ಮೇಲೆ, ಎರಡು ಕರೀ ಬಟ್ಟಲು ಕವುಚಿದಂತೆ, ಹೆಡ್‌ಫೋನ್!

ಊರಿಗೆ ಇನ್ನೇನು ಬೇಕು? "ಹೆಂಡ್ತಿ ಬಾಯಿ ಹೋತು, ಗಂಡನ ಕಿವಿ ಹೋತು" ಎಂದು ಗಾದೆಯನ್ನೇ ಕಟ್ಟಿದರು. ಮೊದಲು ಕಟ್ಟಿದವರು ಚಿಗವ್ವನ ಅಣ್ಣ, ಮಹಾಗಾಂವದ ಮಾಮಾ. ತೊಗರಿ ಬೆಳೆಯುವವರು, ನ್ಯಾಯ ಹೇಳುವವರು. ತೊಗರಿ ವರ್ಷಕ್ಕೊಮ್ಮೆ ಬೆಳೆಯುತ್ತಾರೆ, ನ್ಯಾಯ ದಿನಾ ಹೇಳುತ್ತಾರೆ.

ಆ ಹೆಡ್‌ಫೋನ್ ಕೊಂಡ ದಿನ ಕಾಕಾನ ಜೊತೆಗಿದ್ದವಳು ನಾನು. ಆದ್ದರಿಂದ ಈ ಮೊಕದ್ದಮೆಯಲ್ಲಿ ಸಾಕ್ಷಿ ಹೇಳುವ ಅಧಿಕಾರ ನನಗಿದೆ, ಊರಿಗಿಲ್ಲ. ಕಲಬುರಗಿಯ ಐವಾನ್-ಎ-ಶಾಹಿಯ ಹತ್ತಿರದ ನಮ್ಮ ಮನೆಗೆ ಬಂದವನೇ ಹೊಸ್ತಿಲಲ್ಲೇ ನಿಂತು ಕರೆದ.

"ಏ ವಕೀಲಬಾಯಿ, ನಡಿ. ಕಿವಿಗಿ ಹಾಕ್ಕೊಳ್ಳೋದು ಒಂದು ತಗೋಬೇಕಾಗ್ಯದ."

"ಯಾಕ ಕಾಕಾ, ಕಿವಿ ಕೇಳಸ್ವಲ್ದೇನ?"

"ನನ್ನ ಕಿವಿಗಿ ಇಲಿ ನಡದ್ರ ಕೇಳ್ತದ. ಸಪ್ಪಳ ಕಡಿಮಿ ಮಾಡೋದು ಬಂದದಂತಲ್ಲ, ಅದು ಬೇಕು."

"ಊರ ಮಂದಿಗೆಲ್ಲ ಸಪ್ಪಳ ಮಾರೋನು ನೀನ! ನಿನಗ್ಯಾಕ ಬೇಕು?"

"ಮಿಠಾಯಿ ಅಂಗಡಿಯಾಂವ ಮನಿಗಿ ಹೋಗಿ ರೊಟ್ಟಿ ತಿನ್ನಂಗಿಲ್ಲೇನ? ಚಪ್ಪಲ್ ಹಾಕ್ಕೊ."

ಮೊಬೈಲ್ ಅಂಗಡಿಯ ಭಾಯ್ ಮೊದಲು ತೆಗೆದಿಟ್ಟದ್ದು ಕಿವಿಯೊಳಗೆ ಸಿಕ್ಕಿಸುವ ಎರಡು ಬೀಜಗಳನ್ನು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಗದ್ದಲ ನಿವಾರಣೆ ಎಂಬ ಘೋಷಣೆ. ತಿರುಗಿಸಿ ಸಣ್ಣ ಅಕ್ಷರ ಓದಿದೆ. ನನ್ನ ಸಿಟ್ಟಿನ ಮೊದಲ ಕಂತು ಇಲ್ಲಿ ಶುರು. ಅದರಲ್ಲಿದ್ದ ಗದ್ದಲ ನಿವಾರಣೆ ಮೈಕಿನದು. ನೀವು ಫೋನಿನಲ್ಲಿ ಮಾತಾಡುವಾಗ ನಿಮ್ಮ ಸುತ್ತಲಿನ ಗಲಾಟೆ ಆ ತುದಿಯವರಿಗೆ ಕೇಳದಂತೆ ಮಾಡುತ್ತದೆ, ಅಷ್ಟೇ. ನಿಮ್ಮ ಕಿವಿಯ ಗಲಾಟೆ ನಿಮಗೇ!

"ಭಾಯ್, ಇದು ಯಾರ ಕಿವಿಗಿ ನಾಯ್ಸ್ ಕ್ಯಾನ್ಸಲ್ ಮಾಡ್ತದ?"

"ಕಿವಿ ಅಂದ್ರ ಕಿವೀನೇ ಅಲ್ಲೇನ ಬೇಟಿ! ಡಬ್ಬಿ ಮ್ಯಾಲ ಬರದದ ನೋಡು."

"ರೊಕ್ಕ ಕೊಡೋರು ನಾವು, ಕೇಳೋರು ಫೋನಿನ ಆ ಕಡಿಯವರು. ಹಂಗಾರ ಇದನ್ನ ಅವರಿಗೇ ಮಾರ್ರಿ."

ಭಾಯ್ ಕಾಕಾನ ಕಡೆ ತಿರುಗಿ, "ಸಾಬ್, ಇವರನ್ನ ಯಾಕ ಕರ್ಕೊಂಡು ಬಂದ್ರಿ?" ಎಂದು ನೊಂದುಕೊಂಡ. ನಿಜವಾದದ್ದನ್ನು ಒಳಗಿನ ಕಪಾಟಿನಿಂದ ತಂದ.

ನಿಜವಾದದ್ದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಊರಿನ ಆರೋಪ ಬೀಳುವುದು ಇಲ್ಲಿಯೇ. ಸದ್ದು ಅಂದರೆ ಗಾಳಿಯ ತಳ್ಳಾಟ. ಫ್ಯಾನು ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ, ಮತ್ತೆ ತಳ್ಳುತ್ತದೆ. ಅದೇ ಬಂದು ನಮ್ಮ ಕಿವಿಯ ತಮಟೆ ಬಾರಿಸುತ್ತದೆ. ಹೆಡ್‌ಫೋನಿನ ಬಟ್ಟಲಲ್ಲಿ ಪುಟ್ಟ ಮೈಕು ಕೂತಿರುತ್ತದೆ. ಅದು ಹೊರಗಿನ ತಳ್ಳಾಟ ಕೇಳಿಸಿಕೊಂಡು ಒಳಗಿನ ಯಂತ್ರಕ್ಕೆ ಹೇಳುತ್ತದೆ. ಯಂತ್ರ ತಕ್ಷಣ ತದ್ವಿರುದ್ಧವಾದ ಸದ್ದು ಹುಟ್ಟಿಸುತ್ತದೆ. ಹೊರಗಿನದು ತಳ್ಳಿದಾಗ ಒಳಗಿನದು ಎಳೆಯುತ್ತದೆ, ಅದು ಎಳೆದಾಗ ಇದು ತಳ್ಳುತ್ತದೆ. ಒಂದೇ ಬಾಗಿಲನ್ನು ಇಬ್ಬರು ಎರಡೂ ಕಡೆಯಿಂದ ಸಮಬಲದಿಂದ ನೂಕಿದರೆ ಬಾಗಿಲು ಅಲ್ಲಾಡೀತೇ? ಅದೇ ಮೌನ.

ಆದರೆ ಈ ಯಂತ್ರಕ್ಕೆ ಒಂದು ದೌರ್ಬಲ್ಯ ಇದೆ, ನಮ್ಮಂಥ ಚರ್ಚಾಪಟುಗಳಿಗೆ ಇರುವುದೇ. ಎದುರಾಳಿ ಒಂದೇ ರಾಗದಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದರೆ ಖಂಡಿಸುವುದು ಸುಲಭ. ಮುಂದೇನು ಬರುತ್ತದೆ ಎಂದು ಗೊತ್ತಿರುತ್ತದಲ್ಲ. ಕೂಲರು, ಜನರೇಟರು, ಬಸ್ಸಿನ ಎಂಜಿನ್ನು, ಇವುಗಳ ತಗ್ಗಿನ ಒಂದೇ ಸಮನಾದ ಗುಂಯ್ ಅನ್ನು ಅದು ನುಂಗಿಬಿಡುತ್ತದೆ. ಮನುಷ್ಯರ ಮಾತು ಹಾಗಲ್ಲ. ಕ್ಷಣಕ್ಷಣಕ್ಕೂ ಏರಿಳಿದು ಹೊರಳುತ್ತದೆ. ಮೆತ್ತೆಯ ಬಟ್ಟಲು ಅದನ್ನು ತುಸು ತಗ್ಗಿಸೀತು, ಅಷ್ಟೆ. ಅಂದರೆ ಏನಾಯಿತು? ಹೆಂಡತಿಯ ಮಾತು ತಪ್ಪಿಸಿಕೊಳ್ಳಲು ಈ ವಸ್ತು ಕೊಳ್ಳುವವನು ಮೂರ್ಖ. ಅದರ ಬದಲು ಎರಡು ಉಂಡೆ ಹತ್ತಿ ಸಾಕು. ಇಷ್ಟು ತಿಳಿಯದೆ ಇಡೀ ತಾಲೂಕು ತೀರ್ಪು ಕೊಟ್ಟಿತ್ತು!

ಕಾಕಾ ಅದನ್ನು ಪರೀಕ್ಷಿಸಿದ ರೀತಿ ನೋಡಬೇಕಿತ್ತು. ಅಂಗಡಿಯ ದೊಡ್ಡ ಫ್ಯಾನನ್ನು ಪೂರ್ತಿ ತಿರುಗಿಸಲು ಹೇಳಿ, ಅದರ ಪಕ್ಕ ಕೂತು, ಹೆಡ್‌ಫೋನ್ ಹಾಕಿಕೊಂಡು, ನನ್ನನ್ನು ಬಾಗಿಲ ಬಳಿ ನಿಲ್ಲಿಸಿದ.

"ಏನರೆ ಮಾತಾಡು. ಸಾವಕಾಶ. ಜೋರ್ ಮಾತಾಡಬ್ಯಾಡ."

"ಏನ್ ಮಾತಾಡ್ಲಿ?"

"'ಚಹಾ ಆಯ್ತೇನ್ರೀ' ಅನ್ನು."

ಭಾಯ್ ತಡೆಯಲಾರದೆ ನಡುವೆ ಬಂದ. "ಸಾಬ್, ಹಾಡು ಹಚ್ಚಿ ಕೇಳ್ರಿ! ಬೇಸ್ ಅಂದ್ರ ಡಿಜೆ ಇದ್ದಂಗ ಅದ!"

"ಹಾಡು ಯಾರಿಗಿ ಬೇಕಾಗ್ಯದ?" ಅಂದ ಕಾಕಾ. ಎತ್ತು ಕೊಂಡು ನೊಗ ಬೇಡ ಎಂದವನನ್ನು ನೋಡುವಂತೆ ಭಾಯ್ ಅವನನ್ನು ನೋಡಿದ.

ಮೊದಲನೆಯದು ಕಿವಿಯನ್ನು ಅಡಕತ್ತರಿಯಂತೆ ಒತ್ತಿತು. ದಿನವಿಡೀ ಹಾಕುವವರು ಹಗುರವಾದದ್ದನ್ನೇ ನೋಡಬೇಕು, ನಮ್ಮ ಸೆಖೆಯಲ್ಲಿ ಕಿವಿ ಬೇಯುವುದು ಬೇರೆ. ಎರಡನೆಯದು ಸದ್ದಿಲ್ಲದ ಜಾಗದಲ್ಲೂ ತಾನೇ ಸುಯ್ ಎನ್ನುತ್ತಿತ್ತು. ಮೂರನೆಯದರಲ್ಲಿ ಹೊರಗಿನ ಸದ್ದನ್ನು ಒಳಗೆ ಬಿಡುವ ಗುಂಡಿ ಇತ್ತು. ಒತ್ತಿ ನೋಡಿ, "ಇದು ಫ್ಯಾನಿಗೂ ಬಾಗಿಲ ತೆಗೀತದ" ಎಂದು ಪಕ್ಕಕ್ಕಿಟ್ಟ. ಇನ್ನೊಂದು ದಪ್ಪ ಮೆತ್ತೆಯದು, ಎಲ್ಲಕ್ಕಿಂತ ದುಬಾರಿ. ಫ್ಯಾನೂ ಹೋಯಿತು, ನಾನೂ ಹೋದೆ.

"ಇದು ಬ್ಯಾಡ. ಇದು ಎಲ್ಲಾ ತಿಂತದ."

ಮಹಾಗಾಂವದ ಮಾಮಾ, ನಿಮ್ಮ ವಾದ ನಿಜವಾಗಿದ್ದರೆ ನಿಮ್ಮ ತಂಗಿಯ ಗಂಡ ಕೊಳ್ಳಬೇಕಾದ್ದು ಅದನ್ನೇ ಅಲ್ಲವೇ? ಆತ ಕೊಂಡದ್ದು ಐದನೆಯದನ್ನು, ಫ್ಯಾನನ್ನು ನುಂಗಿ ನನ್ನ 'ಚಹಾ ಆಯ್ತೇನ್ರೀ'ಯನ್ನು ಉಳಿಸಿದ ಹಗುರವಾದದ್ದನ್ನು.

ಆದರೆ ಕಾಕಾನೇನು ಕಡಿಮೆ ಹಟವಾದಿಯೇ? ಯಾಕೆ ಬೇಕು ಎಂದು ದಾರಿಯುದ್ದಕ್ಕೂ ಕೇಳಿದೆ. "ಹಾಡು ಕೇಳ್ಲಾಕ" ಅಂದ. ಈಗಷ್ಟೇ ಹಾಡು ಬೇಡ ಅಂದೆಯಲ್ಲ ಅಂದರೆ, "ಅದು ಅಂಗಡಿಯಾಗ. ಇದು ಮನ್ಯಾಗ" ಅಂದ. ಇಂಥ ಸಾಕ್ಷಿದಾರನನ್ನು ಇಟ್ಟುಕೊಂಡು ಯಾವ ವಕೀಲಬಾಯಿ ಗೆದ್ದಾಳು?

ಆಮೇಲೆ ಕನ್ನಡಕದ ಗಲಾಟೆ. ಅರವತ್ತು ದಾಟಿದ ಕಾಕಾ ತನ್ನ ಹಳೆಯ ದಪ್ಪ ಕರೀ ಚೌಕಟ್ಟನ್ನು ಬಿಟ್ಟು, ದಾರದಷ್ಟು ಸಪೂರ ಕಡ್ಡಿಯ ಬಂಗಾರದ ಬಣ್ಣದ ಕನ್ನಡಕ ಹಾಕಿಸಿದ. "ಮುದುಕಗ ಜವಾನಿ ಬಂದದ, ಪಾಪ ಹೆಂಡ್ತಿ ಹಾಸಗಿ ಹಿಡದಾಳ" ಎಂದು ಮಾಮಾ ನಮ್ಮವ್ವನಿಗೆ ಫೋನ್ ಮಾಡಿ ಹೇಳಿದರು. ಕಿವಿಯ ಸುತ್ತ ಬಟ್ಟಲು ಬಿಗಿಯಾಗಿ ಕೂರದೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಅದರೊಳಗಿಂದ ಗುಂಯ್ ನುಗ್ಗುತ್ತದೆ. ದಪ್ಪ ಕಡ್ಡಿಯ ಕನ್ನಡಕ ಮಾಡುವುದು ಅದೇ ಸಂದು. ಇಷ್ಟೇ ಜವಾನಿ!

ಇನ್ನು ಕರೆಂಟಿನ ವಿಚಾರ. ಇದನ್ನು ನೆನೆದರೆ ಈಗಲೂ ನನಗೆ ಉರಿಯುತ್ತದೆ. ಕರೆಂಟು ಹೋದ ಕೂಡಲೇ ಕಾಕಾ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಡುತ್ತಿದ್ದ. ಬಂದ ಕೂಡಲೇ ಹಾಕಿಕೊಳ್ಳುತ್ತಿದ್ದ. ಎಲ್ಲರೂ ಇದನ್ನು ಕಣ್ಣಾರೆ ಕಂಡಿದ್ದರು. "ಮಂದಿ ಮನ್ಯಾಗೂ ಕರೆಂಟ್ ಹೋಗ್ಯದೇನ ಅಂತ ಕೇಳಿ ಖುಷಿ ಪಡ್ಲಾಕ" ಎಂದು ವ್ಯಾಖ್ಯಾನವನ್ನೂ ಕೊಟ್ಟರು. ಅಲ್ಲಾ, ಅದು ಬ್ಯಾಟರಿಯಲ್ಲಿ ನಡೆಯುವ ವಸ್ತು! ಕರೆಂಟು ಹೋದರೆ ಅದಕ್ಕೇನು? ಕರೆಂಟು ಹೋದಾಗ ಆ ಪಡಸಾಲೆಯಲ್ಲಿ ನಿಲ್ಲುವುದು ಏನು? ಒಬ್ಬರಿಗಾದರೂ ಈ ಪ್ರಶ್ನೆ ಹೊಳೆಯಬಾರದಿತ್ತೇ?

ಫೈಸಲಾದ ದಿನ ಬಂತು. ಬಿಸಿಲು ನೆತ್ತಿ ಸುಡುತ್ತಿದ್ದ ಮಧ್ಯಾಹ್ನ ಮಾಮಾ ಟೆಂಪೋದಿಂದ ಇಳಿದರು. ಅವ್ವನೂ ನಾನೂ ಕಲಬುರಗಿಯಿಂದ ಹೋಗಿದ್ದೆವು. ಪಡಸಾಲೆಯಲ್ಲಿ ವಿಮಾನ ಹಾರುತ್ತಿತ್ತು, ಅದರ ಮೇಲೆ ಹತ್ತಿ ಕೂತಂತೆ ಮಾಮಾ ಕಿರುಚುತ್ತಿದ್ದರು.

"ಇವತ್ತ ಒಂದು ಫೈಸಲಾ ಆಗ್ಲೇಬೇಕು ನೋಡ್ರಿ! ಆ ಕಿವಿಮುಚ್ಚಳ ಈ ಮನಿ ಬಿಡಬೇಕು, ಇಲ್ಲಾಂದ್ರ ನಾ ನನ್ನ ತಂಗೀನ ಮಹಾಗಾಂವಕ್ಕ ಕರ್ಕೊಂಡು ಹೋಗ್ತೀನಿ! ಮಾತಾಡ್ಲಾಕ ಬರಲಾರದ ಹೆಣ್ಮಗಳು, ಎದುರಿಗಿ ಕುಂತು ಕಿವಿ ಮುಚ್ಚಕೋತೀರಿ?"

ಕಾಕಾ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದ. ಸುಮ್ಮನೆ! ಎದುರಿನವರಿಗೆ ಒಂದು ವಾಕ್ಯ ಮುಗಿಸಲು ಬಿಡದ ಕಾಕಾ ಅಂದು ಮಾಮಾನ ಇಡೀ ಭಾಷಣವನ್ನು ಮುಗಿಯಲು ಬಿಟ್ಟ. ಆತನ ಕಣ್ಣು ಮಾತ್ರ ಚಿಗವ್ವನ ಮುಖದ ಮೇಲಿತ್ತು. ನಾನೂ ಅತ್ತ ನೋಡಿದೆ. ಚಿಗವ್ವನ ತುಟಿ ಅಲುಗುತ್ತಿದ್ದವು. ಮಾಮಾ ಬಂದಾಗಿನಿಂದ ಅಲುಗುತ್ತಲೇ ಇದ್ದವು.

"ನೋಡ್ರಿ, ಪಾಪ, ಬಾಯಿ ಬಿಡ್ಲಾಕೂ ಹೆದರ್ತಾಳ!" ಅಂದರು ಮಾಮಾ.

ಬಿಡುತ್ತಿದ್ದಾಳಲ್ಲ! ಯಾರ ಪರವಾಗಿ ಇಷ್ಟು ಕಿರುಚಾಟವೋ ಆಕೆ ಎಲ್ಲರೆದುರೇ ಹೇಳಿಕೆ ಕೊಡುತ್ತಿದ್ದಾಳೆ, ನ್ಯಾಯಾಧೀಶರಿಗೆ ಕೇಳುತ್ತಿಲ್ಲ. ಮಂಚದ ಹತ್ತಿರ ಹೋಗಿ ಬಾಗಿ ಕೇಳಿಸಿಕೊಳ್ಳುವಷ್ಟು ವ್ಯವಧಾನ ಒಬ್ಬರಿಗೂ ಇಲ್ಲ. ದನಿ ಹೋದವಳ ಪರವಾಗಿ ಆಡಲು ಊರಿಗೆಲ್ಲ ಬಾಯಿ ಇದೆ, ಆಕೆಯದನ್ನು ಕೇಳಲು ಕಿವಿ ಇಲ್ಲ. ಇದ್ದ ಒಂದು ಜೊತೆ ಕಿವಿಯನ್ನೂ ಕಿತ್ತುಕೊಳ್ಳಲು ಟೆಂಪೋ ಹತ್ತಿ ಬಂದಿದ್ದಾರೆ!

"ಮಾಮಾ, ಟೋಪಿ ತೆಗೀರಿ" ಅಂದೆ.

"ಯಾಕ?"

"ತೆಗೀರಿ ಅಂದ್ನೆಲ್ಲ. ಸಂದು ಬಿದ್ರ ಕೆಲಸ ಮಾಡಂಗಿಲ್ಲ."

ಕಾಕಾ "ಏ, ಬ್ಯಾಡ, ಬಿಡ..." ಎನ್ನುವುದರೊಳಗೆ ಆತನ ತಲೆಯಿಂದ ಹೆಡ್‌ಫೋನ್ ಕಿತ್ತು ಮಾಮಾನ ತಲೆಗೆ ಹಾಕಿ ಎರಡೂ ಬಟ್ಟಲನ್ನು ಒತ್ತಿ ಕೂರಿಸಿದೆ.

ಮಾಮಾನ ಕಣ್ಣು ಅಗಲವಾದವು. "ಕರೆಂಟ್ ಹೋತೇನ?" ಎಂದು ಕೂಗಿದರು. ಅವರ ಎದುರೇ ಕ್ಯಾಲೆಂಡರು ಹಾರಾಡುತ್ತಿತ್ತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮಾಮಾ ತಟ್ಟನೆ ತಂಗಿಯ ಕಡೆ ತಿರುಗಿದರು. ಹೆಡ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ಜೋರು ಎಂದು ಗೊತ್ತಾಗುವುದಿಲ್ಲ. ಕೇಳಿದ್ದನ್ನೆಲ್ಲ ಮೆಲ್ಲಗೆ ಒಪ್ಪಿಸುತ್ತಿದ್ದೇನೆ ಎಂದುಕೊಂಡು ಓಣಿಗೆಲ್ಲ ಕೇಳುವಂತೆ ಕೂಗಿದರು.

"ಏನಂದಿ? 'ಅಣ್ಣಾ, ಆಗಳೆ ಹಿಡದು ಹೇಳ್ಲಾಕತ್ತೀನಿ, ಚಹಾ ಆರ್ಲಾಕತ್ತದ ಕುಡಿ'? ಹಾಂ, ಕುಡಿತೀನಿ ತಡಿ. ಮತ್ತ? 'ನನ್ನ ಗಂಡನ್ನ ಬೈಬ್ಯಾಡ'? ನಾ ಎಲ್ಲಿ ಬೈದೆ! 'ನಾ ಎಲ್ಲೂ ಬರಂಗಿಲ್ಲ'? ಬರಬ್ಯಾಡ ಬಿಡವಾ! ಯಾರು ಕರದ್ರು ನಿನಗ?"

ಆಮೇಲೂ ಅವರು ಅದನ್ನು ತೆಗೆಯಲಿಲ್ಲ. ಆರಿದ ಚಹಾ ಹಿಡಿದುಕೊಂಡು ತಂಗಿಯ ತುಟಿಯನ್ನೇ ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ, "ಆಕಿ ದನಿ ನಮ್ಮವ್ವನ ದನಿ ಆಗ್ಯದಲ್ಲ" ಅಂದರು. ಅದನ್ನು ಮಾತ್ರ ನಿಜಕ್ಕೂ ಮೆಲ್ಲಗೆ ಅಂದರು.

ಮಾಮಾ ಹೋದ ಮೇಲೆ ಅಂಗಳದಲ್ಲಿ ಕಾಕಾನಿಂದ ಅಭಿನಂದನೆ ನಿರೀಕ್ಷಿಸುತ್ತ ನಿಂತೆ. ಸಿಕ್ಕಿದ್ದು ಬೈಗಳು.

"ದೊಡ್ಡ ಡಿಬೇಟ್ ಗೆದ್ದಿ. ಇನ್ನ ಆಕಿಗಿ ಗೊತ್ತಾಯ್ತಲ್ಲ!"

"ಏನು ಗೊತ್ತಾಯ್ತು?"

"ಬರೇ ಕಿವಿಗಿ ಆಕಿ ದನಿ ನನಗ ಮುಟ್ಟೋದಿಲ್ಲಂತ. ಗೊತ್ತಾದ್ರ ವಿಮಾನ ಬಂದ್ ಮಾಡಿ ಆ ಉರಿಯಾಗ ಕುಂದರ್ತಾಳ. ಇಲ್ಲಾ, ಮಾತಾಡೋದೇ ಬಿಡ್ತಾಳ. ಅದಕ್ಕ ಹಾಡು ಕೇಳ್ತೀನಿ ಅಂದಿದ್ದೆ. ಮಂದಿ ಏನರೆ ಅನ್ಕೊಳ್ಳಿ, ಆಕಿ ಮಾತಾಡ್ಲಿ ಅಂತ ಸುಮ್ನ ಕುಂತಿದ್ದೆ."

ಕಾಕಾ ಒಳಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ಸಪೂರ ಕಡ್ಡಿಯ ಕನ್ನಡಕ ಸರಿಪಡಿಸಿಕೊಂಡು, ತನ್ನ ಮೂಲೆಯ ಕುರ್ಚಿಯಲ್ಲಿ ಕೂತ. ವಿಮಾನ ಹಾರುತ್ತಲೇ ಇತ್ತು. ಚಿಗವ್ವ ಅದನ್ನು ಬಂದ್ ಮಾಡಿರಲಿಲ್ಲ. ನಾನು ಪಡಸಾಲೆಯ ನಡುವೆ ನಿಂತು, ಅಷ್ಟು ಸಪ್ಪಳದಲ್ಲಿ ಗಂಟಲು ಹರಿಯುವಂತೆ ಕೇಳಿದೆ.

"ಚಿಗವ್ವಾ, ಈತ ಹಾಡು ಕೇಳ್ಲಾಕತ್ತಿಲ್ಲಂತ ನಿನಗ ಮೊದಲ ಗೊತ್ತಿತ್ತೇನ?"

ಚಿಗವ್ವ ಒಮ್ಮೆ ಕಾಕಾನ ಕಡೆ ನೋಡಿದಳು. ತುಟಿ ಅಲುಗಿದವು; ಸಣ್ಣ ಉತ್ತರವಲ್ಲ, ಉದ್ದದ್ದು, ನಡುವೆ ಒಂದು ನಗುವೂ ಇತ್ತು. ನನಗೆ ಕೇಳಿದ್ದು ಬರೀ ಗುಂಯ್. ಆ ಮೂಲೆಯಲ್ಲಿ ಕಾಕಾ ಮಾತ್ರ ಒಮ್ಮೆಲೇ ಹೊಟ್ಟೆ ಹಿಡಿದು ನಕ್ಕ. ನಗುತ್ತ ನಗುತ್ತಲೇ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ.

ಕಾಕಾ, ಆಕಿ ಏನಂದ್ಳು?